ಚೆಂಡೆಯವ ಕೂರುವುದೇ ಇಲ್ವಾ? ಒಂದು ಸ್ಮೂತ್ ಜಾಝ್ ಆಲ್ಬಂನ ಪ್ರಕರಣ

ಕಾಸರಗೋಡಿನ ನೀರ್ಚಾಲಿನ ಹತ್ತಿರದ ಒಂದು ಮನೆಯ ಅಡಿಕೆ ಕೋಣೆಯಲ್ಲಿ ಒಂದು ಆಲ್ಬಂ ತಯಾರಾಯಿತು. 8 ಪದ್ಯ, 37 ನಿಮಿಷ. ಹಾಡುವವರು ಯಾರೂ ಇಲ್ಲ, ಬರೀ ವಾದ್ಯ. ನುಡಿಸಿದವರು 18 ವರ್ಷ ಕೀಬೋರ್ಡ್ ಬಿಟ್ಟು ತೋಟ ನೋಡಿಕೊಂಡಿದ್ದವರು. ಊರಿಗೆಲ್ಲ ಅವರು ಭಾವ. ನನಗೂ ಭಾವ, ಹುಡುಕಿದರೆ ಎಲ್ಲೋ ಒಂದು ಸಂಬಂಧ ಸಿಕ್ಕೀತು. ಮಿಕ್ಸಿಂಗ್ ಮಾಡಿದ್ದು ನಾನು. ಕುಂಬಳೆಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇದೆ. ಭಜನೆ, ಯಕ್ಷಗಾನದ ಪದ್ಯ, ಮದುವೆ ವಿಡಿಯೋದ ಸೌಂಡ್, ನನ್ನ ಕೆಲಸ ಇಷ್ಟೇ. ಜಾಝ್ ಎಂಬುದು ನನ್ನ ಬಾಗಿಲಿಗೆ ಬಂದದ್ದು ಇದೇ ಮೊದಲು.

ಇಷ್ಟು ವರ್ಷ ಬಿಟ್ಟವರಿಗೆ ಬೆರಳು ಓಡುತ್ತದಾ ಅಂತ ಎಲ್ಲರೂ ಕೇಳಿದರು. ಬೆರಳು ಎರಡು ತಿಂಗಳಲ್ಲಿ ಓಡಿತು. ಸತಾಯಿಸಿದ್ದು ಬೇರೆ ಒಂದು ವಿಷಯ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ರಸಮಂಜರಿಯ ಕೈ

ಸಿನೆಮಾ ಹಾಡುಗಳ ಸ್ಟೇಜ್ ಕಾರ್ಯಕ್ರಮಕ್ಕೆ ನಮ್ಮ ಕಡೆ ಚಂದ್ರಗಿರಿ ಹೊಳೆಯ ಉತ್ತರಕ್ಕೆ ರಸಮಂಜರಿ ಅನ್ನುತ್ತಾರೆ, ದಾಟಿದರೆ ಗಾನಮೇಳ. ಭಾವ ಎರಡೂ ಕಡೆ ನುಡಿಸಿದವರು. ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಕ್ಲಬ್ಬುಗಳ ಗಣೇಶೋತ್ಸವ. ರಾತ್ರಿ 9ಕ್ಕೆ ಶುರುವಾದರೆ 2 ಗಂಟೆವರೆಗೆ. ಕನ್ನಡ ಪದ್ಯ, ಮಲಯಾಳ ಪದ್ಯ, ನಡುವೆ ಎರಡು ಹಿಂದಿ, ಕೊನೆಗೆ ತುಳು. ಕೈಯಲ್ಲಿದ್ದದ್ದು ರೋಲ್ಯಾಂಡ್ ಎಕ್ಸ್‌ಪಿ-60. 61 ಕೀ, ಪಕ್ಕದಲ್ಲಿ ಫ್ಲಾಪಿ ಹಾಕುವ ಕಿಂಡಿ. ಆ ಕಾಲದಲ್ಲಿ ಅದಿದ್ದರೆ ಆರ್ಕೆಸ್ಟ್ರಾದವರು ಮನೆಗೇ ಬಂದು ಕರೆಯುತ್ತಿದ್ದರು.

ರಸಮಂಜರಿಯಲ್ಲಿ ಕೀಬೋರ್ಡ್‌ನವನ ಕೆಲಸ ಏನು? ಸಿನೆಮಾದಲ್ಲಿ 40 ಮಂದಿ ವಯಲಿನ್‌ನವರು ನುಡಿಸಿದ್ದನ್ನು ಒಬ್ಬನೇ ನುಡಿಸಬೇಕು. ಕೊಳಲು ಅವನೇ, ಸಿತಾರ್ ಅವನೇ, ಟ್ರಂಪೆಟ್ ಅವನೇ. ಬಾಸ್ ಗಿಟಾರ್‌ನವ ಕೈಕೊಟ್ಟ ದಿನ ಎಡಗೈಯಲ್ಲಿ ಬಾಸ್ ಕೂಡ. ಎಲ್ಲಾದರೂ ಎರಡು ಸೆಕೆಂಡ್ ಖಾಲಿ ಬಿದ್ದರೆ ಎದುರು ಕುರ್ಚಿಯವರು ಮೈಕ್ ಹೋಯಿತು ಅಂದುಕೊಂಡು ಹಿಂದೆ ತಿರುಗಿ ನೋಡುತ್ತಾರೆ. ಖಾಲಿ ಜಾಗ ತುಂಬುವುದಕ್ಕೇ ಅವನಿಗೆ ದುಡ್ಡು.

ಆಮೇಲೆ ಕರೋಕೆ ಬಂತು. ಹಾಡುವವ ಮೊಬೈಲ್‌ನಲ್ಲಿ ಟ್ರ್ಯಾಕ್ ತಂದರೆ 8 ಮಂದಿಯ ತಂಡ ಯಾಕೆ? ಅದೇ ಹೊತ್ತಿಗೆ ಭಾವನ ಅಪ್ಪ ಹಾಸಿಗೆ ಹಿಡಿದರು, ತೋಟಕ್ಕೆ ಜನ ಬೇಕಾಯಿತು. ಕೀಬೋರ್ಡ್ ಅಟ್ಟಕ್ಕೆ ಹೋಯಿತು. ನವರಾತ್ರಿ ಭಜನೆಗೆ ಹಾರ್ಮೋನಿಯಂ ಮುಟ್ಟಿದ್ದು ಬಿಟ್ಟರೆ 18 ವರ್ಷ ಏನೂ ಇಲ್ಲ. ಕೆಳಗೆ ಇಳಿಸಿದಾಗ ಎಕ್ಸ್‌ಪಿ-60ರ ಒಳಗಿನ ಮೆಮೊರಿ ಬ್ಯಾಟರಿ ಸತ್ತಿತ್ತು. ಅವರು ಕೂತು ಕೂತು ಮಾಡಿಟ್ಟ ಸೌಂಡ್ ಸೆಟ್ಟಿಂಗ್ ಎಲ್ಲ ಮಾಯ. ಫ್ಲಾಪಿಗಳಿಗೆ ಬೂಸು ಹಿಡಿದಿತ್ತು. ನನಗೆ ಬೇಜಾರಾಯಿತು, ಅವರಿಗೆ ಅಷ್ಟೇನೂ ಆದ ಹಾಗೆ ಕಾಣಲಿಲ್ಲ.

ಸ್ಮೂತ್ ಜಾಝ್ ಯಾಕೆ?

ಕಾಸರಗೋಡಿನ ಕತೆ ಅಂದ ಮೇಲೆ ಗಲ್ಫ್ ಬರಲೇಬೇಕು. ಭಾವನ ದೋಸ್ತಿಯೊಬ್ಬ ದುಬೈಯಿಂದ ಬರುವಾಗೆಲ್ಲ ಕ್ಯಾಸೆಟ್ ತರುತ್ತಿದ್ದ. ಸೆಂಟು, ಟಾರ್ಚು, ಟೈಗರ್ ಬಾಮ್, ಜೊತೆಗೆ ಒಂದಿಷ್ಟು ಕ್ಯಾಸೆಟ್. ಅದರಲ್ಲಿ ಸ್ಯಾಕ್ಸೋಫೋನ್ ಊದುವ ಕೆನ್ನಿ ಜಿ ಇತ್ತು, ಬಾಬ್ ಜೇಮ್ಸ್ ಇತ್ತು. ರಾತ್ರಿ 2 ಗಂಟೆಯ ಗಲಾಟೆ ಮುಗಿಸಿ ಬಂದವರಿಗೆ ಆ ಸಂಗೀತ ತಂಪು. ಬೇರೇನೂ ಕಾರಣ ಇಲ್ಲ.

ಈ ಸಂಗೀತದ ಸ್ವಂತ ಕತೆಯೂ ಕೇಳುವ ಹಾಗಿದೆ. 1970ರ ದಶಕದಲ್ಲಿ ಅಮೆರಿಕದ ಜಾಝ್‌ನವರು ಸೋಲ್, ಫಂಕ್, ಪಾಪ್ ಎಲ್ಲ ಸೇರಿಸಿ ಮೆದು ಮಾಡಿದ ಬಗೆ ಇದು. ಬಾಬ್ ಜೇಮ್ಸ್, ಹೂಸ್ಟನ್‌ನ ಜೋ ಸ್ಯಾಂಪಲ್ ಇವರೆಲ್ಲ ಕೀಬೋರ್ಡ್‌ನವರೇ. 1987ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಇದಕ್ಕೇ ಅಂತ ‘ದಿ ವೇವ್’ ಎಂಬ ರೇಡಿಯೋ ಶುರುವಾಯಿತು. ಬೇರೆ ಊರುಗಳಲ್ಲೂ ಬಂದವು. 20 ವರ್ಷ ಕಳೆದ ಮೇಲೆ ಒಂದೊಂದೇ ಮುಚ್ಚಿದವು. ನ್ಯೂಯಾರ್ಕಿನದ್ದು 2008ರಲ್ಲಿ, ಶಿಕಾಗೋದ್ದು 2009ರಲ್ಲಿ. ಅಂದರೆ ಭಾವ ಕೀಬೋರ್ಡ್ ಅಟ್ಟಕ್ಕೆ ಹಾಕಿದ ಕಾಲದಲ್ಲೇ ಈ ಸಂಗೀತದ ಅಂಗಡಿಯೂ ಬಾಗಿಲು ಹಾಕುತ್ತಿತ್ತು. ಅಂಥದ್ದನ್ನು ಹಿಡಿದುಕೊಂಡು ಮರಳಿ ಬರುವುದು ವ್ಯಾಪಾರದ ಲೆಕ್ಕದಲ್ಲಿ ಬುದ್ಧಿವಂತಿಕೆ ಅಲ್ಲ. ಅವರಿಗೂ ಅದು ಗೊತ್ತಿತ್ತು.

ಭಾವ ಒಂದು ಹೆಸರು ಹೇಳುತ್ತಿದ್ದರು, ಅಮೆರಿಕದ ಕೀಬೋರ್ಡ್ ವಾದಕ ಜೆಫ್ ಲೋರ್ಬರ್. ಇವರ ತಂಡದಲ್ಲಿ ನುಡಿಸಿಯೇ ಕೆನ್ನಿ ಜಿ ಮುಂದೆ ಬಂದದ್ದು. ಲೋರ್ಬರ್ 1986ರ ನಂತರ ಸ್ವಂತ ಆಲ್ಬಂ ನಿಲ್ಲಿಸಿದರು, 1993ರಲ್ಲಿ ಮರಳಿ ಬಂದರು. ಆಲ್ಬಂನ ಹೆಸರೇ ‘ವರ್ತ್ ವೇಟಿಂಗ್ ಫಾರ್’, ಕಾದದ್ದಕ್ಕೆ ಮೋಸ ಇಲ್ಲ ಅನ್ನುವ ಹಾಗೆ. 2018ರಲ್ಲಿ ಗ್ರ್ಯಾಮಿ ಕೂಡ ಬಂತು. ನಾನು ಉತ್ಸಾಹದಲ್ಲಿ “ನೋಡಿ ಭಾವ, ನಿಮ್ಮ ಹಾಗೆಯೇ” ಅಂದೆ. ಅವರು ಸೊಪ್ಪು ಹಾಕಲಿಲ್ಲ. “ಅವರು ಬಿಟ್ಟದ್ದು ಆಲ್ಬಂ ಮಾರಾಯ, ಕೀಬೋರ್ಡ್ ಅಲ್ಲ. ಆ 7 ವರ್ಷ ಬೇರೆಯವರಿಗೆ ನುಡಿಸುತ್ತಾ ಇದ್ದರು. ನಾನು ಮದ್ದು ಬಿಡುತ್ತಾ ಇದ್ದೆ.” ಮದ್ದು ಅಂದರೆ ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ. ಕೊಳೆರೋಗ ಬಾರದ ಹಾಗೆ ಮಳೆಗಾಲದಲ್ಲಿ ಅಡಿಕೆ ಗೊನೆಗೆ ಬಿಡುವುದು.

ಮೊದಲ ಸುತ್ತು

ದೀಪಾವಳಿ ಕಳೆದು ಶುರು ಮಾಡಿದೆವು. ಸೆಕೆಂಡ್ ಹ್ಯಾಂಡ್‌ನಲ್ಲಿ 88 ಕೀಗಳ ಒಂದು ಕೀಬೋರ್ಡ್ ತಂದರು. ಸೌಂಡ್ ಕಂಪ್ಯೂಟರಿನದ್ದು. ಅವರಿಗೆ ಬೇಕಾದ್ದು ರೋಡ್ಸ್ ಎಲೆಕ್ಟ್ರಿಕ್ ಪಿಯಾನೋದ ನಾದ. ನಿಜವಾದ ರೋಡ್ಸ್ ಸುಮಾರು 60 ಕಿಲೋ, ಹೆಚ್ಚುಕಡಿಮೆ ಒಂದು ಗೋಣಿ ಅಡಿಕೆಯ ಭಾರ. ಅದನ್ನು ಎಲ್ಲಿಂದ ತರುವುದು? ಒಳಗೆ ಸಣ್ಣ ಸುತ್ತಿಗೆ ತೆಳು ಲೋಹದ ಕಡ್ಡಿಗೆ ಹೊಡೆಯುತ್ತದೆ. ಮೆಲ್ಲ ಹೊಡೆದರೆ ಗಂಟೆಯ ಹಾಗೆ, ಜೋರು ಹೊಡೆದರೆ ಗೊರಗೊರ. ಅದನ್ನು ಮಾಡಿದ ಹೆರಾಲ್ಡ್ ರೋಡ್ಸ್ ಎರಡನೇ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರು ಮಲಗಿದಲ್ಲೇ ನುಡಿಸಲಿ ಅಂತ ವಿಮಾನದ ಅಲ್ಯೂಮಿನಿಯಂ ಕೊಳವೆಗಳಿಂದ ಪುಟ್ಟ ಪಿಯಾನೋ ಕಟ್ಟಿದವರು.

ಮಾರ್ಚ್ ಹೊತ್ತಿಗೆ 6 ಪದ್ಯ ಆದವು. ನಾನು ಕೇಳಿದೆ. ಚೆನ್ನಾಗಿದೆ ಅನಿಸಿತು, ಆದರೆ ಕಿವಿ ಬೇಗ ದಣಿಯುತ್ತಿತ್ತು. ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳು) ಸರಿ, ತಾಳ ಸರಿ, ನಿಮಿಷಕ್ಕೆ 70ರಿಂದ 90 ಪೆಟ್ಟಿನ ಒಳಗೆ ನಿಧಾನದ ಗತಿ. ಮತ್ತೆ ಎಂತ ತೊಂದರೆ? ಒಂದು ಪದ್ಯದ ಫೈಲ್ ತೆರೆದು ಎಣಿಸಿದೆ. 41 ಟ್ರ್ಯಾಕ್, ಅಂದರೆ ಒಂದರ ಮೇಲೊಂದು ಪೇರಿಸಿದ 41 ಪದರ. ರೋಡ್ಸ್ ಹಿಂದೆ ವಯಲಿನ್ ಗುಂಪು, ಅದರ ಹಿಂದೆ ಪ್ಯಾಡ್ ಎಂಬ ಎಳೆದ ನಾದ, ಮೇಲೆ ಕೊಳಲು, ಎರಡು ಸಾಲಿಗೊಮ್ಮೆ ಗಂಟೆ. ರೋಡ್ಸ್ ಉಸಿರು ತೆಗೆದಲ್ಲೆಲ್ಲ ಇನ್ನೊಂದು ಏನೋ ಬಂದು ಕೂರುತ್ತಿತ್ತು. ಇಷ್ಟೊಂದು ಮೆದು ಸಂಗೀತದಲ್ಲಿ ಒಂದು ಕಡೆಯೂ ಖಾಲಿ ಜಾಗ ಇಲ್ಲ!

ನನಗೆ ಹೇಳುವ ಧೈರ್ಯ ಬರಲಿಲ್ಲ. ವಯಸ್ಸಿನಲ್ಲಿ ದೊಡ್ಡವರು, ಅನುಭವದಲ್ಲೂ. ಅದಕ್ಕಿಂತ ಹೆಚ್ಚಾಗಿ, 41ರಲ್ಲಿ 5 ನಾನೇ ಸೇರಿಸಿದ್ದು.

ಹೇಳಿದ್ದು ಅವರ ಸೋದರಮಾವ. ಹಳೆಯ ಮದ್ದಳೆಗಾರರು. ರಾತ್ರಿ ಎಲ್ಲೋ ಆಟ ನೋಡಿ ಬೆಳಿಗ್ಗೆ ಬಂದವರು, ಚಾ ಕುಡಿಯುತ್ತಾ ಎರಡು ಪದ್ಯ ಕೇಳಿದರು. ಲೋಟ ಕೆಳಗಿಟ್ಟು ಒಂದೇ ಮಾತು: “ಎಲ್ಲ ಒಳ್ಳೆದುಂಟು ಮಾರಾಯ. ಆದರೆ ಇದರಲ್ಲಿ ಚೆಂಡೆಯವ ಕೂರುವುದೇ ಇಲ್ವಾ?”

ಯಕ್ಷಗಾನ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶೃಂಗಾರದ, ಕರುಣದ ಪದ್ಯಕ್ಕೆ ಮದ್ದಳೆ ಮಾತ್ರ. ಚೆಂಡೆಯವ ಕೋಲು ಬದಿಗಿಟ್ಟು ಸುಮ್ನೆ ನಿಂತಿರುತ್ತಾನೆ, ಇಲ್ಲವೇ ಕೂತಿರುತ್ತಾನೆ. ಆಮೇಲೆ ವೀರದ ಪದ್ಯಕ್ಕೆ ಅವನು ಕೋಲು ಎತ್ತಿದಾಗ ನಿದ್ದೆ ಮಾಡುತ್ತಿದ್ದ ಮಕ್ಕಳೂ ಏಳುತ್ತಾರೆ. ಭಾವ ಆ ದಿನ ಏನೂ ಹೇಳಲಿಲ್ಲ. ಎರಡು ದಿನ ಫೋನೂ ಇಲ್ಲ. ಮೂರನೇ ದಿನ ಬಂದು “ಎಲ್ಲ ತೆಗೆ” ಅಂದರು.

ತೆಗೆದದ್ದು ಹೇಗೆ?

ಎಲ್ಲ ತೆಗೆದಾಗ ಉಳಿದ ರೋಡ್ಸ್ ಕೇಳಿದರೆ ಇನ್ನೊಂದು ವಿಷಯ ಗೊತ್ತಾಯಿತು. ಅವರು ಕೀಗಳನ್ನು ಒತ್ತುತ್ತಿರಲಿಲ್ಲ, ಹೊಡೆಯುತ್ತಿದ್ದರು. ಕೀ ಎಷ್ಟು ಜೋರಾಗಿ ಒತ್ತಿದ್ದೀರಿ ಅಂತ ಕಂಪ್ಯೂಟರ್ 127ರವರೆಗೆ ಅಂಕಿ ಕೊಡುತ್ತದೆ. ಭಾವನದ್ದು ಹೆಚ್ಚಿನವು 110ರ ಮೇಲೆ. ಪರದೆಯ ಮೇಲಿನ ಗೀಟುಗಳೆಲ್ಲ ಒಂದೇ ಎತ್ತರ, ಒಂದೇ ವರ್ಷ ನೆಟ್ಟ ಅಡಿಕೆ ಮರಗಳ ಹಾಗೆ. ಮೈಕ್ ಸೆಟ್ಟಿನ ಎದುರು 14 ವರ್ಷ ನುಡಿಸಿದ ಕೈ ಮತ್ತೆ ಹೇಗಿರಬೇಕು?

ನಾನು ಸುಲಭದ ದಾರಿ ಹಿಡಿದೆ. ಎಲ್ಲ ಅಂಕಿಯನ್ನೂ ಅರ್ಧಕ್ಕೆ ಇಳಿಸಿದೆ. ಸದ್ದು ಕಡಿಮೆಯಾಯಿತು, ಮೆದುವಾಗಲಿಲ್ಲ. ಜೋರು ಮಾತಾಡುವವರನ್ನು ದೂರದಿಂದ ಕೇಳಿದ ಹಾಗಾಯಿತು. ಬೇರೆ ಬೇರೆ ಬೆರಳಿಗೆ ಬೇರೆ ಬೇರೆ ಭಾರ ಬೇಕು, ಮೇಲಿನ ಸ್ವರ ಒಂಚೂರು ಎದ್ದಿರಬೇಕು, ಒಳಗಿನವು ಮಲಗಿರಬೇಕು. ಅದು ಮೌಸಿನಿಂದ ಆಗುವ ಕೆಲಸ ಅಲ್ಲ.

ಭಾವ ಅವರದ್ದೇ ಒಂದು ಅಭ್ಯಾಸ ಕಟ್ಟಿಕೊಂಡರು. ಬೆಳಿಗ್ಗೆ 5 ಗಂಟೆಗೆ ಎದ್ದು ಕೀಬೋರ್ಡ್ ಆಫ್ ಮಾಡಿಯೇ ನುಡಿಸುವುದು. ಕೀ ಕೆಳಗೆ ತಾಗುವ ಟಕ್ ಎಂಬ ಶಬ್ದ ಕೇಳಬಾರದು. ಕೇಳಿದರೆ ಮೊದಲಿಂದ. ನಾನು ಒಂದು ದಿನ ಬೇಗ ಹೋಗಿದ್ದೆ. ಚಿಮಿಣಿಯಷ್ಟು ಸಣ್ಣ ಒಂದು ಬಲ್ಬು, ಬಾಗಿದ ಬೆನ್ನು, ಮದ್ದಿನ ಕಲೆ ಹೋಗದ ಉಗುರುಗಳು ಕೀ ಮೇಲೆ ಇಳಿಯುತ್ತಿವೆ, ಏರುತ್ತಿವೆ. ಹೊರಗೆ ಕೋಳಿ ಕೂಗುತ್ತಿದೆ, ಒಳಗೆ ಎಂತದೂ ಕೇಳುತ್ತಿಲ್ಲ. ಸುಮಾರು ಹೊತ್ತು ಬಾಗಿಲಲ್ಲೇ ನಿಂತಿದ್ದೆ.

ಎಡಗೈಯದ್ದು ಇನ್ನೂ ಕಷ್ಟ. ರಸಮಂಜರಿಯ ಎಡಗೈ ಕಾರ್ಡ್‌ನ ಮೂಲ ಸ್ವರವನ್ನು ಬಿಡುವುದೇ ಇಲ್ಲ. ಈ ಸಂಗೀತದಲ್ಲಿ ಅದು ಬಾಸ್‌ನವನ ಸೊತ್ತು. ಕೀಬೋರ್ಡ್‌ನವನಿಗೆ ಮೂರನೆಯ ಮತ್ತು ಏಳನೆಯ ಸ್ವರ ಸಾಕು. ಡಿ ಮೈನರ್ 9 ಎಂಬ ಕಾರ್ಡ್‌ಗೆ ಎಫ್ ಮತ್ತು ಸಿ ಸ್ವರ. ಮುಂದಿನ ಕಾರ್ಡ್ ಜಿ 13 ಆದರೆ ಎಫ್ ಅಲ್ಲೇ ಇರುತ್ತದೆ, ಸಿ ಮಾತ್ರ ಅರ್ಧ ಸ್ವರ ಇಳಿದು ಬಿ ಆಗುತ್ತದೆ. ಇಡೀ ಕಾರ್ಡ್ ಬದಲಾಯಿತು, ಅಲುಗಿದ್ದು ಒಂದೇ ಬೆರಳು. ಭಾವ ಇದನ್ನು ನನಗೆ ನಾಲ್ಕು ಸಲ ನುಡಿಸಿ ತೋರಿಸಿದರು, ಮಕ್ಕಳು ಹೊಸ ಆಟಿಕೆ ತೋರಿಸುವ ಹಾಗೆ.

ಕೊನೆಗೆ ಆ 41 ಟ್ರ್ಯಾಕಿನ ಪದ್ಯ 11ಕ್ಕೆ ಇಳಿಯಿತು. ವಯಲಿನ್ ಗುಂಪು ಇಡೀ ಆಲ್ಬಂನಲ್ಲಿ ಒಂದೇ ಕಡೆ, ಆರನೇ ಪದ್ಯದ ಕೊನೆಯಲ್ಲಿ, 8 ಬಾರ್ (ತಾಳದ ಆವರ್ತ) ಮಾತ್ರ. ನನ್ನ 5 ಟ್ರ್ಯಾಕ್‌ಗಳಲ್ಲಿ ಒಂದೂ ಉಳಿಯಲಿಲ್ಲ.

ಗೋಣಿ ಮಾರಿದ ಮೇಲೆ

ಇದು ನನ್ನ ಪೆದ್ದುತನದ ಭಾಗ, ಬೇಗ ಹೇಳಿ ಮುಗಿಸುತ್ತೇನೆ. ಅಡಿಕೆ ಕೋಣೆಯಲ್ಲಿ ಮೂಲೆ ಮೂಲೆಗೆ ಚಾಲಿ ಅಡಿಕೆಯ ಗೋಣಿ ಪೇರಿಸಿತ್ತು. ಸೌಂಡ್‌ಗೆ ಅಂಥ ಕೋಣೆ ದುಡ್ಡು ಕೊಟ್ಟರೂ ಸಿಗದು, ಪ್ರತಿಧ್ವನಿಯೇ ಇಲ್ಲ. ಅಲ್ಲೇ ಕೂತು ಬಾಸ್ ಎಲ್ಲ ಸರಿ ಮಾಡಿದ್ದೆ. ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ರೇಟ್ ಏರಿತು, ಭಾವ ಅಡಿಕೆ ಮಾರಿದರು. ಮರುವಾರ ಹೋಗಿ ಕೇಳಿದರೆ ಬಾಸ್ ಗುಂಯ್ ಅನ್ನುತ್ತಿದೆ. ನಾನು ಕೋಣೆ ಖಾಲಿಯಾದ್ದನ್ನು ಲೆಕ್ಕಕ್ಕೇ ಹಿಡಿಯದೆ ಎಲ್ಲ ಪದ್ಯಗಳ ಬಾಸ್ ಕಡಿಮೆ ಮಾಡಿದೆ. ಕಾರಿನಲ್ಲಿ ಹಾಕಿ ಕೇಳಿದಾಗ ಪದ್ಯಗಳಿಗೆ ಕಾಲೇ ಇಲ್ಲ! ಹಳೆಯ ಫೈಲ್ ಇತ್ತು, ಬಚಾವ್. ಅಷ್ಟರಲ್ಲಿ ಮಳೆ ಹಿಡಿಯಿತು. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಸುರಿಯುವ ಊರು ನಮ್ಮದು. ಹಂಚಿನ ಮಾಡಿನ ಕೆಳಗೆ ಮೈಕ್ ಇಡುವ ಮಾತೇ ಇಲ್ಲ. ಎರಡು ತಿಂಗಳು ಕೆಲಸ ನಿಂತಿತು.

ಸ್ಯಾಕ್ಸೋಫೋನಿನ ಗಾಂಧಾರ

ಒಂದು ಪದ್ಯಕ್ಕೆ ಸ್ಯಾಕ್ಸೋಫೋನ್ ಬೇಕು ಅಂತ ಭಾವನ ಹಠ. ಸ್ಮೂತ್ ಜಾಝ್‌ನಲ್ಲಿ ಸ್ಯಾಕ್ಸೋಫೋನ್ ಅಂದರೆ ರಾತ್ರಿ, ಪೇಟೆಯ ದೀಪ. ನಮಗೆ ಅದು ಧಾರೆಯ ಹೊತ್ತು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ, ಅದರಲ್ಲಿ ಕರ್ನಾಟಕ ಸಂಗೀತವನ್ನು ಪೂರ್ತಿ ನುಡಿಸಿ ತೋರಿಸಿದ ಮೇಲೆ ಕರಾವಳಿಯ ಮದುವೆ, ದೇವಸ್ಥಾನಗಳಿಗೆಲ್ಲ ಸ್ಯಾಕ್ಸೋಫೋನ್ ಬಂತು. 2019ರಲ್ಲಿ ಅವರು ತೀರಿಕೊಂಡರು. ಆದರೆ ಇವತ್ತಿಗೂ ಇಲ್ಲಿ ಹತ್ತು ಮೈಲಿಯೊಳಗೆ ಸ್ಯಾಕ್ಸೋಫೋನ್‌ನವರು ಸಿಗದೆ ಇರುವುದಿಲ್ಲ. ಜಾಝ್‌ನವರು ಸಿಗುವುದಿಲ್ಲ, ಅಷ್ಟೇ.

ಮದುವೆಗೆ ನುಡಿಸುವ ಒಬ್ಬರನ್ನು ಕರೆದೆವು. ಪದ್ಯದ ಕಾರ್ಡ್‌ಗಳು ಡಿ ಮೈನರ್ 9, ಜಿ 13, ಆಮೇಲೆ ಸಿ ಮೇಜರ್ 9. ಅವರು ಎರಡು ಸಲ ಕೇಳಿ “ಇದು ಖರಹರಪ್ರಿಯ ರಾಗ ಅಲ್ವಾ?” ಅಂದರು. ಡಿ ಷಡ್ಜ ಅಂತ ಇಟ್ಟುಕೊಂಡರೆ ಹೌದು, ಸ್ವರಗಳೆಲ್ಲ ಸರಿಯಾಗಿ ಅವೇ. ಶುರು ಮಾಡಿದರು. ಅವರ ಷಡ್ಜ ನಮ್ಮ ಸಿ ಕಾರ್ಡ್ ಮೇಲೆ ಬಂದು ಕೂತರೆ ಅದು ಒಂಬತ್ತನೆಯ ಸ್ವರ. ಎಂಥ ಚಂದ! ಜಾಝ್‌ನವರು ಹುಡುಕಿ ಹುಡುಕಿ ಹಾಕುವ ಸ್ವರ ಇವರಿಗೆ ಮನೆಯ ಮೆಟ್ಟಿಲು.

ತೊಂದರೆ ಗಾಂಧಾರದ್ದು. ಅವರು ಗಾಂಧಾರವನ್ನು ತೂಗಿ ತೂಗಿ ನಿಲ್ಲಿಸುತ್ತಿದ್ದರು. ಇಲ್ಲಿ ಗಾಂಧಾರ ಅಂದರೆ ಎಫ್, ಅದು ಕೆಳಗಿನ ಸಿ ಕಾರ್ಡ್‌ನ ಇ ಸ್ವರಕ್ಕೆ ಉಜ್ಜುತ್ತಿತ್ತು, ಹಲ್ಲಿಗೆ ಮರಳು ಸಿಕ್ಕಿದ ಹಾಗೆ. ನಾನು ಅವರಿಗೆ ಆ ಜಾಗದಲ್ಲಿ ಗಾಂಧಾರ ಬಿಡಲು ಹೇಳೋಣ ಅಂದೆ. ಭಾವ ನನ್ನ ಮುಖ ನೋಡಿದರು. “ಖರಹರಪ್ರಿಯದಲ್ಲಿ ಗಾಂಧಾರ ಬಿಡಿ ಅಂತ ಅವರಿಗೆ ಹೇಳುವುದಾ? ಚಾ ಕೊಡು ಅವರಿಗೆ, ಹತ್ತು ನಿಮಿಷ ಇರು.” ಹತ್ತು ನಿಮಿಷದಲ್ಲಿ ಸಿ ಮೇಜರ್ 9 ತೆಗೆದು ಎಫ್ ಮೇಜರ್ 9 ಹಾಕಿದ್ದರು. ಈಗ ಅವರ ಗಾಂಧಾರ ಕಾರ್ಡ್‌ನ ಮೂಲ ಸ್ವರ, ಷಡ್ಜ ಆರನೆಯದು. ಎರಡೂ ಸುಖವಾಗಿ ಕೂತವು. ಸ್ಯಾಕ್ಸೋಫೋನ್‌ನವರಿಗೆ ಬದಲಾದದ್ದು ಗೊತ್ತೇ ಆಗಲಿಲ್ಲ. “ಈಗ ಶ್ರುತಿ ಸರಿಯಾಯಿತು” ಅಂದರು.

ರಸಮಂಜರಿಯ 14 ವರ್ಷ ದಂಡ ಅಂತ ನನಗೆ ಒಂದು ಕಾಲದಲ್ಲಿ ಅನಿಸಿತ್ತು, ಎಲ್ಲವನ್ನೂ ಮರೆಯಲಿಕ್ಕೇ ಇಷ್ಟು ಕಷ್ಟಪಟ್ಟರಲ್ಲ ಅಂತ. ಆ ಹತ್ತು ನಿಮಿಷ ನೋಡಿದ ಮೇಲೆ ಹಾಗೆ ಅನಿಸುವುದಿಲ್ಲ. ಹಾಡುವವ ಎಲ್ಲಿಗೆ ಹೋದರೂ ಕೆಳಗೆ ಚಾಪೆ ಹಾಸುವ ಆ ಚುರುಕು ಸ್ಟೇಜಿನಲ್ಲೇ ಕಲಿತದ್ದು.

ಹೊರಗೆ ಬಿಟ್ಟದ್ದು

ಕೊನೆಯ ಹಂತದಲ್ಲಿ ನಾನು ಭಜನೆ ಕ್ಯಾಸೆಟ್ಟಿನ ಹಾಗೆ ಸೌಂಡನ್ನು ಗರಿಷ್ಠಕ್ಕೆ ಏರಿಸಿಬಿಟ್ಟಿದ್ದೆ. ಸ್ಪಾಟಿಫೈ ಹಾಡುಗಳನ್ನೆಲ್ಲ ಸದ್ದಿನ ಅಳತೆಯಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ ಹೊಂದಿಸುತ್ತದೆ. ನನ್ನದು ಮೈನಸ್ 8, ಅದಕ್ಕಿಂತ ತುಂಬ ಜೋರು. ಅಂದರೆ ಅದು ಹೇಗೂ ಇಳಿಸುತ್ತದೆ, ಏರಿಸುವಾಗ ಚಪ್ಪಟೆಯಾದ ಏರಿಳಿತ ಮಾತ್ರ ವಾಪಸ್ ಬರುವುದಿಲ್ಲ. ಭಾವ ಬೆಳಿಗ್ಗೆ 5ಕ್ಕೆ ಎದ್ದು ಕಲಿತದ್ದನ್ನು ನಾನು ಒಂದು ಗುಂಡಿ ತಿರುಗಿಸಿ ಅಳಿಸಿದ್ದೆ. ಮತ್ತೆ ಮಾಡಿದೆ, ದುಡ್ಡು ಕೇಳಲಿಲ್ಲ.

ಅಪ್‌ಲೋಡ್ ಮಾಡುವಾಗ ಫಾರಂನಲ್ಲಿ ಭಾಷೆ ಯಾವುದು ಅಂತ ಒಂದು ಕಾಲಂ ಬಂತು. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ಕನ್ನಡದವರಿಗೆ ಆ ಕಾಲಂ ಎಲ್ಲಿ ಬಂದರೂ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಇಲ್ಲಿ ವಾದ್ಯ ಸಂಗೀತಕ್ಕೆ ‘ಭಾಷೆ ಇಲ್ಲ’ ಎಂಬ ಆಯ್ಕೆಯೂ ಇತ್ತು. ಭಾವ ಜೋರಾಗಿ ನಕ್ಕರು. “ಇದೊಂದು ಒಳ್ಳೆದಾಯಿತು” ಅಂದರು. ಆದರೆ ಪದ್ಯಗಳ ಹೆಸರು ಮಾತ್ರ ಕನ್ನಡ ಲಿಪಿಯಲ್ಲೇ ಆಗಬೇಕು ಅಂತ ಕೂತರು, ಆಯಿತು.

ದುಡ್ಡಿನ ಲೆಕ್ಕ ಸಣ್ಣದು. 2024ರಿಂದ ಸ್ಪಾಟಿಫೈಯಲ್ಲಿ ಒಂದು ಪದ್ಯವನ್ನು 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿದರೆ ಮಾತ್ರ ಅದರ ಪಾಲು ಲೆಕ್ಕಕ್ಕೆ ಬರುತ್ತದೆ. 8ರಲ್ಲಿ ದಾಟಿದ್ದು ಒಂದು, ಸ್ಯಾಕ್ಸೋಫೋನಿನದ್ದು. ಬಂದದ್ದರಲ್ಲಿ ಒಂದು ಚೀಲ ಸುಣ್ಣವೂ ಬಾರದು. ಕೇಳಿದವರಲ್ಲಿ ದುಬೈಯವರು ಜಾಸ್ತಿ. ಕ್ಯಾಸೆಟ್ ತರುತ್ತಿದ್ದ ಆ ದೋಸ್ತಿ ಈಗ ಮಗನ ಜೊತೆ ಅಲ್ಲೇ ಇದ್ದಾನೆ, ಸಿಕ್ಕಿದವರಿಗೆಲ್ಲ ಕಳಿಸುತ್ತಿದ್ದಾನಂತೆ.

ಮೊನ್ನೆ ಬದಿಯಡ್ಕದಲ್ಲಿ ಒಂದು ಮದುವೆ. ಅದೇ ಸ್ಯಾಕ್ಸೋಫೋನ್‌ನವರು. ಊಟದ ಹೊತ್ತಿಗೆ ಅವರು ಆ ಪದ್ಯ ಎತ್ತಿಕೊಂಡರು. ಕೆಳಗೆ ಶ್ರುತಿಪೆಟ್ಟಿಗೆ, ಪಕ್ಕದಲ್ಲಿ ಡೋಲು, ಕಾರ್ಡ್ ಎಂಬುದೇ ಇಲ್ಲ. ಸಾಲಿನಲ್ಲಿ ನನ್ನ ಎದುರಿದ್ದವರು ಇದು ಯಾವ ಸಿನೆಮಾದ್ದು ಅಂತ ಕೇಳಿದರು. ನಾನು ಭಾವನ ಕಡೆ ನೋಡಿದೆ. ಬಲಗೈ ಸಾರನ್ನ ಕಲಸುತ್ತಿತ್ತು, ಎಡಗೈ ಮಡಿಲ ಮೇಲೆ ಮೆಲ್ಲ ಕಾರ್ಡ್ ಹಿಡಿಯುತ್ತಿತ್ತು. ಗಾಂಧಾರ ಬಂತು, ತೂಗಿತು, ನಿಂತಿತು. ಎಡಗೈಯೂ ನಿಂತಿತು. ಬಡಿಸುವವರು ಪಾಯಸ ತಂದರು.

“ಆ ಎಫ್ ಕಾರ್ಡ್ ಕೂಡ ಬೇಡಿತ್ತು ಮಾರಾಯ” ಅಂದರು ಭಾವ.